ತೊಡದೇವು ತೆಗೆಯುವ ಕೈ

ಕುಮಟಾ
೨೨ ಜೂನ್ ೧೯೫೮

ಚಿ. ವಸಂತಿಗೆ, ಒಲೆಯ ಮುಂದೆ ಕೂತ ಮಾವನ ಆಶೀರ್ವಾದ.

ನೀನು ಧಾರವಾಡ ಮುಟ್ಟಿದ ಕಾಗದ ಬಂತು. ಹಾಸ್ಟೆಲಿನ ಅನ್ನ ಗಟ್ಟಿ, ಸಾರು ನೀರು ಎಂದು ಬರೆದಿದ್ದೀಯೆ. ಮದುವೆಮನೆಗಳಿಗೆ ಅಡಿಗೆ ಮಾಡುವವನ ಸೋದರಸೊಸೆಯಾಗಿ ಹುಟ್ಟಿದ ಮೇಲೆ ಎಲ್ಲಿ ಹೋದರೂ ಈ ಕಷ್ಟ ಇದ್ದದ್ದೇ. ನಿನ್ನ ಆಯಿ, ನನ್ನ ತಂಗಿ, ಬದುಕಿದ್ದರೆ ಉಪ್ಪಿನಕಾಯಿ ಭರಣಿಯನ್ನೇ ಕಟ್ಟಿ ಕಳಿಸುತ್ತಿದ್ದಳು. ನಿನ್ನ ಮಾದೇವಿ ಅತ್ತೆ ಅಪ್ಪೆಮಿಡಿ ತೆಗೆದಿಟ್ಟಿದ್ದಾಳೆ, ಆ ಕಡೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ.

ನೀನು ಹೋದ ಮೇಲೆ ನನಗೆ ಊರಲ್ಲೆಲ್ಲ ಪರೀಕ್ಷೆ. ಮಿರ್ಜಾನದ ಮುಂಜಿಮನೆಗೆ ಹೊನ್ನಾವರದ ವೆಂಕಟ್ರಮಣ ಹೆಗಡೆಯವರು ಬಂದಿದ್ದರು. ಪಾಯಸ ಬಡಿಸುವ ಹೊತ್ತಿಗೆ ಸರಿಯಾಗಿ ಕೇಳಿದರು:

"ಮಾಬ್ಲಣ್ಣ, ತಂಗಿ ಮಗಳು ಎಂತ ಓದ್ತಡ?"

"ಸಮಾಜಶಾಸ್ತ್ರ" ಎಂದೆ.

"ಅದ್ನ ಓದಿರೆ ಎಂತ ಆಗ್ತು? ಡಾಕ್ಟ್ರಾ, ವಕೀಲ್ರಾ? ಸಮಾಜ ಇಲ್ಲೇ ಕೂತು ಉಣ್ತಾ ಇದ್ದು, ಅದ್ನ ನೋಡಲೆ ಧಾರವಾಡಕ್ಕೆ ಹೋಗವಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ಬಿಡಲಿಲ್ಲ. "ಇಲ್ಲಿ ಕೂತವಕ್ಕೆ ತಮ್ಮ ಎಲೆ ಮೇಲಿನ ಪಾಯಸ ಮಾತ್ರ ಕಾಣ್ತು ಹೆಗಡೇರೆ" ಎಂದು ಇನ್ನೊಂದು ಸೌಟು ಹಾಕಿದೆ. ಅವರೂ ನಕ್ಕರು. ಒಳ್ಳೆಯ ಮನುಷ್ಯ.

ಉತ್ತರ ಮಾತ್ರ ನನಗೂ ಗೊತ್ತಿಲ್ಲ. ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಜೀರಿಗೆ ಬೆಲ್ಲ ಕಟ್ಟಿಕೊಂಡು ಬಂದ ಪೇಪರಿನ ತುಂಡುಗಳನ್ನು ಒಲೆಗೆ ಹಾಕುವ ಮೊದಲು ಓದಿ ಓದಿ ಅಕ್ಷರ ಕಲಿತೆ. ಹಾಗಾಗಿ ಯಾವ ಸುದ್ದಿಯ ಕೊನೆಯೂ ನನಗೆ ತಿಳಿಯದು. ನೀನಾದರೂ ಪೂರ್ತಿ ಓದು.

ಹಿಂದಿನ ತಿಂಗಳು ಹಿರೇಗುತ್ತಿಯ ಮದುವೆಯಲ್ಲಿ ತೊಡದೇವು ಮಾಡಿದೆ. ಬೋರಲು ಹಾಕಿದ ಮಡಕೆ ಹೆಚ್ಚು ಕಾದಿತ್ತು. ಕಬ್ಬಿನಹಾಲಿನ ಹಿಟ್ಟು ಬಳಿದು ಕಾಗದದಷ್ಟು ತೆಳ್ಳಗಿನ ಸಿಹಿ ಹಾಳೆ ಎಬ್ಬಿಸುವಾಗ ಬೆರಳು ಚುರ್ ಎಂದಿತು, ಬಾಯಿಗೇ ಹಾಕಿಕೊಂಡೆ. ಗಣಪ, ನನ್ನ ಕೈಕೆಳಗೆ ಅಡಿಗೆ ಕಲಿಯುವವನು, "ಗುರುಗಳೇ ಹೀಂಗೆ ಕುಣಿದ್ರೆ ನಂಗ ಎಂತ ಮಾಡವು?" ಎಂದು ಹಲ್ಲು ಕಿರಿದ. ಆ ಹೊತ್ತಿಗೆ ನೀನು ಚಿಕ್ಕಂದಿನಲ್ಲಿ ಹರಿದ ತೊಡದೇವಿನ ಚೂರಿಗಾಗಿ ಲಂಗ ಒಡ್ಡಿ ನಿಲ್ಲುತ್ತಿದ್ದದ್ದು ನೆನಪಾಯಿತು. ರಜೆಗೆ ಬಾ. ಹರಿಯದ್ದನ್ನೇ ಕೊಡುತ್ತೇನೆ.

ನಿನ್ನ ಮಾವ,
ಮಾಬ್ಲೇಶ್ವರ

*

ಕುಮಟಾ
೫ ಡಿಸೆಂಬರ್ ೧೯೬೧

ಚಿ. ವಸಂತಿಗೆ ಆಶೀರ್ವಾದ.

ಎಂ.ಎ.ಗೆ ಬರೆಯುವ ಪ್ರಬಂಧಕ್ಕಾಗಿ ಮದುವೆ ಊಟದ ಪಂಕ್ತಿಯ ವಿಷಯ ಕೇಳಿದ್ದೀಯೆ. ಇದನ್ನೂ ಓದಿಗೆ ಸೇರಿಸುತ್ತಾರೆ ಎಂದು ತಿಳಿದು ಖುಷಿಯಾಯಿತು. ಹಾಗಾದರೆ ನಾನೂ ಅರ್ಧ ಎಂ.ಎ.

ಮೊದಲ ಪಂಕ್ತಿ ಚಪ್ಪರದೊಳಗೆ. ಯಾರು ಯಾರ ಪಕ್ಕ ಕೂರುತ್ತಾರೆ ಎಂಬುದು ಯಜಮಾನನಿಗೆ ಲಗ್ನದ ಮುಹೂರ್ತಕ್ಕಿಂತ ದೊಡ್ಡ ಚಿಂತೆ. ಆಮೇಲೆ ಹೆಂಗಸರು, ಆಮೇಲೆ ಬಡಿಸಿದವರು. ತೆಂಗಿನಮರ ಹತ್ತಿದವರು, ಕಟ್ಟಿಗೆ ಒಡೆದವರು, ಎಂಜಲೆಲೆ ಎತ್ತುವವರು ಹೊರಗೆ ಗೇರುಮರದ ಬುಡದಲ್ಲಿ. ಅವರಿಗೆ ಹೋಗುವ ಹೊತ್ತಿಗೆ ಪಾಯಸದಲ್ಲಿ ಗೋಡಂಬಿ ಇರುವುದಿಲ್ಲ. ಇದು ನನಗೆ ಗೊತ್ತು, ಏಕೆಂದರೆ ಬಡಿಸಲು ಸೌಟು ಹಾಕುವ ಕೈ ನನ್ನದೇ.

ಗಂಡ ಸತ್ತ ಹೆಂಗಸರು ಎಲ್ಲರಿಗಿಂತ ಕೊನೆಗೆ, ನಡೆಮನೆಯ ಕತ್ತಲೆಯಲ್ಲಿ. ಅದನ್ನು ನಾನು ನಿನಗೆ ಹೇಳಬೇಕಾಗಿಲ್ಲ. ನಿನ್ನ ಆಯಿಯ ಎಲೆಯ ಪಕ್ಕ ನೀನು ಕೂತು, "ಆಯಿಗೆ ಎಂತಕ್ಕೆ ತಣ್ಣಗಿನ ಅನ್ನ?" ಎಂದು ಕೇಳಿದವಳು. ಆ ಪ್ರಶ್ನೆಯನ್ನು ಹೊತ್ತುಕೊಂಡೇ ನೀನು ಧಾರವಾಡಕ್ಕೆ ಹೋದೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ನಮ್ಮಂಥ ಅಡಿಗೆಯವರಿಗೆ ಯಾವ ಪಂಕ್ತಿ ಎಂದು ಕೇಳಿದ್ದೀಯೆ. ಪಂಕ್ತಿಯೇ ಇಲ್ಲ. ಒಲೆಯ ಬುಡದಲ್ಲಿ ನಿಂತು ಉಣ್ಣುತ್ತೇವೆ. ಆದರೆ ನಮ್ಮ ಕೈ ಮುಟ್ಟದ ಒಂದು ಅಗಳೂ ಯಾರ ಬಾಯಿಗೂ ಹೋಗುವುದಿಲ್ಲ. ಅದನ್ನೂ ಬರೆ.

ಮಾವ,
ಮಾಬ್ಲೇಶ್ವರ

*

ಭಟ್ಕಳ
೧೮ ಆಗಸ್ಟ್ ೧೯೬೩

ತೀರ್ಥರೂಪ ಮಾವನಿಗೆ ವಸಂತಿಯ ನಮಸ್ಕಾರಗಳು.

ಕೆಲಸ ಸಿಕ್ಕಿತು. ಕಾಲೇಜಿನದಲ್ಲ. ಅರ್ಜಿ ಹಾಕಿದ ಕಡೆಯಲ್ಲೆಲ್ಲ ಒಂದೇ ಮಾತು: ಈ ವಿಷಯಕ್ಕೆ ಹುಡುಗರೇ ಸೇರುವುದಿಲ್ಲ, ಪಾಠ ಯಾರಿಗೆ ಮಾಡುತ್ತೀರಿ? ನನ್ನ ವಿಷಯದ ಹೆಸರು ಹೇಳಿ ಜನ ಬೇಕೆಂದು ಕೇಳಿದ ಜಾಹೀರಾತು ಇಷ್ಟು ದಿನದಲ್ಲಿ ಒಂದೇ ಒಂದು ಕಂಡದ್ದು. ಇಲ್ಲಿ ದೊಡ್ಡ ರೋಗಕ್ಕೆ ಮದ್ದು ಕೊಡುವ ಒಂದು ಕೇಂದ್ರವಿದೆ. ಹೌದು ಮಾವ, ಕುಷ್ಠ. ಅತ್ತೆಗೆ ನಿಧಾನವಾಗಿ ಹೇಳಿ.

ಮದ್ದು ಕೊಡುವುದು ಡಾಕ್ಟರು. ನಾನು ಮನೆ ಮನೆಗೆ ಹೋಗಿ ರೋಗ ಇದ್ದವರನ್ನು ಹುಡುಕಬೇಕು, ಅವರೊಡನೆ ಯಾರು ಇರುತ್ತಾರೆ, ಯಾರು ಮಲಗುತ್ತಾರೆ, ಯಾರು ಮಾತು ಬಿಟ್ಟಿದ್ದಾರೆ ಎಂದು ಕೇಳಬೇಕು, ಗುಳಿಗೆ ತಿನ್ನುವಂತೆ ಒಪ್ಪಿಸಬೇಕು. ನೀವು ಬರೆದುಕೊಟ್ಟ ಪಂಕ್ತಿಯ ಪಾಠವೇ ಇದು. ಪರೀಕ್ಷೆ ಸುಲಭ. ಮೈಮೇಲೆ ಮಾಸಲು ಚುಕ್ಕೆ ಇದ್ದರೆ, ಅವರಿಗೆ ಕಣ್ಣು ಮುಚ್ಚಲು ಹೇಳಿ, ಅಲ್ಲಿ ಕೋಳಿಗರಿ ಮುಟ್ಟಿಸುತ್ತೇವೆ. ಮುಟ್ಟಿದ್ದು ತಿಳಿಯದಿದ್ದರೆ ಅದೇ. ಬೇಗ ಕಂಡುಹಿಡಿದರೆ ಗುಳಿಗೆಯಿಂದ ಪೂರಾ ವಾಸಿ. ತಡವಾದರೆ ಬೆರಳುಗಳು ಮಡಚುತ್ತವೆ, ಸುಟ್ಟರೂ ಕೊಯ್ದರೂ ಗೊತ್ತಾಗುವುದಿಲ್ಲ, ಹುಣ್ಣಾಗಿ ಕೈ ಹೋಗುತ್ತದೆ.

ಊರವರು ನನಗೆ ಆಗಲೇ ಹೆಸರಿಟ್ಟಿದ್ದಾರೆ: ಚುಕ್ಕೆ ಅಕ್ಕೋರು. ಮೀನುಪೇಟೆಯ ಗಂಗಿ ಎನ್ನುವ ಮುದುಕಿ ನನ್ನನ್ನು ತಡೆದು ನಿಲ್ಲಿಸಿದಳು.

"ಅಕ್ಕೋರೆ, ಕಾಣುಕೆ ಚಂದ ಇದ್ರಿ, ಓದಿದ್ರಿ. ಬೇರೆ ಕೆಲ್ಸ ಸಿಕ್ಕಲಿಲ್ವಾ?"

"ಇದಕ್ಕೇ ಓದಿದ್ದು ಅಜ್ಜಿ."

"ಹಾಂಗಾರೆ ಓದ್ಸಿದವರದ್ದೇ ತಪ್ಪು."

ಓದಿಸಿದವರಿಗೆ ತಿಳಿಸುತ್ತೇನೆ ಎಂದೆ. ತಿಳಿಸಿದ್ದೇನೆ.

ನಿಮ್ಮ,
ವಸಂತಿ

*

ಕುಮಟಾ
೬ ಅಕ್ಟೋಬರ್ ೧೯೬೩

ಚಿ. ವಸಂತಿಗೆ ಆಶೀರ್ವಾದ.

ತಪ್ಪು ಒಪ್ಪಿಕೊಂಡೆ ಎಂದು ಗಂಗಿಗೆ ಹೇಳು.

ನಿನ್ನ ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವಳಿಗೆ ರೋಗಕ್ಕಿಂತ ಕೋಳಿಗರಿಯದ್ದೇ ದೊಡ್ಡ ಸಂಕಟ. "ಬಂದ್ರೆ ಬಚ್ಚಲಲ್ಲಿ ಮಿಂದೇ ಒಳಗೆ ಬರವು" ಎಂದು ತೀರ್ಪು ಕೊಟ್ಟಳು. ಸುಬ್ಬಿ "ಅಕ್ಕಯ್ಯಂಗೆ ಹೆದ್ರಿಕೆ ಆಗ್ತಿಲ್ಯಾ?" ಎಂದು ಕೇಳಿದಳು. ಹದಿಹರೆಯಕ್ಕೆ ಬಂದಿದ್ದಾಳೆ ನಮ್ಮ ಸುಬ್ಬಲಕ್ಷ್ಮಿ, ಲಂಗ ಗಿಡ್ಡವಾಗುವುದು ಕಂಡರೆ ಅಪ್ಪನಾದ ನನಗೇ ಹೆದರಿಕೆ.

ನನಗೆ ಮಾತ್ರ ಎದೆ ಉಬ್ಬಿದೆ. ಯಾರೂ ಪಕ್ಕದಲ್ಲಿ ಕೂರದವರ ಪಕ್ಕ ನೀನು ಹೋಗಿ ಕೂರುತ್ತೀಯೆ. ಹೆಗಡೆಯವರು ಸಿಕ್ಕಿದಾಗ ಹೇಳಿದೆ. "ಅಷ್ಟು ಓದಿ ಅದಾ?" ಎಂದರು.

ನಿನಗೊಂದು ಸೋಜಿಗ ಹೇಳುತ್ತೇನೆ. ಈ ವಯಸ್ಸಿನಲ್ಲಿ ಬೆಂಕಿ ನನ್ನ ಗೆಳೆಯನಾಗಿದೆ! ಈಗ ತೊಡದೇವಿನ ಹಾಳೆಯನ್ನು ಕಾದ ಮಡಕೆಯಿಂದ ಬರಿಗೈಯಲ್ಲಿ ಎಬ್ಬಿಸುತ್ತೇನೆ, ಒಂದೂ ಹರಿಯುವುದಿಲ್ಲ. ಮೊದಲಾದರೆ ಬೆರಳು ಚುರುಗುಟ್ಟಿ ಅವಸರದಲ್ಲಿ ಹರಿದುಹೋಗುತ್ತಿತ್ತು. ಈಗ ಅವಸರವೇ ಇಲ್ಲ. ಮದುವೆಮನೆಯ ಹೆಂಗಸರು ನೋಡಲು ಬಂದು ನಿಲ್ಲುತ್ತಾರೆ. "ಮಾಬ್ಲಣ್ಣನ ಕೈಯಲ್ಲಿ ದೇವರಿದ್ದ" ಎನ್ನುತ್ತಾರೆ. ಹೊನ್ನಾವರ, ಭಟ್ಕಳದಿಂದಲೂ ಕರೆ ಬರುತ್ತಿದೆ.

ದೀಪಾವಳಿಗೆ ಬಾ. ಮಿಂದೇ ಬಂದರಾಯಿತು.

ಮಾವ,
ಮಾಬ್ಲೇಶ್ವರ

*

ಭಟ್ಕಳ
೯ ಫೆಬ್ರುವರಿ ೧೯೬೪

ತೀರ್ಥರೂಪ ಮಾವನಿಗೆ ನಮಸ್ಕಾರ.

ದೀಪಾವಳಿಗೆ ಬರಲಿಲ್ಲ, ಶಿವರಾತ್ರಿಗೂ ಬರಲಾರೆ. ಕೋಪ ಮಾಡಬೇಡಿ. ಯಾರಿಗಾದರೂ ಹೇಳಲೇಬೇಕೆಂದು ಬರೆಯುತ್ತಿದ್ದೇನೆ.

ಇಲ್ಲಿ ಕಡಲಬದಿಯ ಕೇರಿಯಲ್ಲಿ ಲಕ್ಕಿ ಎಂಬ ಹೆಂಗಸು. ಬೆನ್ನಿನ ಮೇಲೆ ಅಂಗೈಯಷ್ಟು ಚುಕ್ಕೆ. ಹರಡುವ ಜಾತಿಯದೂ ಅಲ್ಲ, ಗುಳಿಗೆ ತಿಂದರೆ ಮಾಯುವಂಥದು. ನಾನು ಅವಳ ಅಂಗಳಕ್ಕೆ ಹೋಗಿ ಕೂತೆ. ಮತ್ತೆ ಹೋದೆ. ಗುಳಿಗೆ ತಿಂದಳೋ ಇಲ್ಲವೋ ನೋಡಲು ಮತ್ತೊಮ್ಮೆ ಹೋದೆ. ಯಾರಿಗೂ ಒಂದು ಮಾತೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಚುಕ್ಕೆ ಅಕ್ಕೋರ ಕೊಡೆ ಯಾರ ಜಗಲಿಗೆ ಒರಗಿತೋ ಆ ಮನೆಯಲ್ಲಿ ರೋಗವಿದೆ ಎಂದು ಕೇರಿ ತಿಳಿದುಕೊಂಡಿತು. ಅವಳ ಗಂಡ ಮಾಸ್ತಿ ಕೆಟ್ಟವನಲ್ಲ. ಆದರೂ ಅವಳನ್ನು ಗುಡ್ಡದ ಮೇಲಿನ ಗೇರುಹಿತ್ತಿಲಲ್ಲಿ ಗುಡಿಸಲು ಹಾಕಿ ಇರಿಸಿದ. ಬಾವಿಗೆ ಕೊಡ ಇಳಿಸಲು ಬಿಡುವುದಿಲ್ಲ. ಮಕ್ಕಳು ದೂರದಿಂದ ಅನ್ನ ಇಟ್ಟು ಓಡಿಬರುತ್ತವೆ.

ನಾನು ಮಾಸ್ತಿಗೆ ಎಷ್ಟೋ ತಿಳಿಹೇಳಿದೆ. ಅವನು ತಲೆ ತಗ್ಗಿಸಿಯೇ ಕೇಳಿದ. "ನಿಮ್ಮ ಮಾತು ಸಮಾ ಅಕ್ಕೋರೆ. ನಂಗೆ ಅರ್ಥ ಆತದೆ. ಆದ್ರೆ ನಾಳೆ ನನ್ನ ಬಲೆ ಎಳೂಕೆ ಯಾರು ಬತ್ರು?"

ಜನ ರೋಗಕ್ಕೆ ಹೆದರುವುದಿಲ್ಲ ಮಾವ, ಬೇರೆಯವರಿಗೆ ಗೊತ್ತಾಗುವುದಕ್ಕೆ ಹೆದರುತ್ತಾರೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೂ ಕೊಡೆ ಹಿಡಿದುಕೊಂಡು ಸೀದಾ ಲಕ್ಕಿಯ ಅಂಗಳಕ್ಕೇ ಹೋದೆ.

ಈಗ ಕ್ರಮ ಬದಲಿಸಿದ್ದೇನೆ. ಒಂದು ಕೇರಿಗೆ ಹೋದರೆ ಒಂದು ಮನೆಯನ್ನೂ ಬಿಡುವುದಿಲ್ಲ. ರೋಗ ಇರಲಿ ಬಿಡಲಿ, ಎಲ್ಲರ ಜಗಲಿಯಲ್ಲೂ ಅಷ್ಟೇ ಹೊತ್ತು ಕೂರುತ್ತೇನೆ, ಎಲ್ಲ ಮನೆಯಲ್ಲೂ ನೀರು ಕೇಳಿ ಕುಡಿಯುತ್ತೇನೆ. ಯಾವುದು ಎಂದು ಯಾರಿಗೂ ತಿಳಿಯಬಾರದು. ಕೆಲಸ ನಿಧಾನವಾಯಿತೆಂದು ಮೇಲಿನವರು ಗೊಣಗುತ್ತಾರೆ. ಲಕ್ಕಿ ಮಾತ್ರ ಗುಡ್ಡದಿಂದ ಇಳಿದಿಲ್ಲ.

ಜನರಿಗೆ ಹಂಚಲು ಒಂದು ಕರಪತ್ರ ಬರೆದಿದ್ದೇನೆ. ಜೊತೆಗಿದೆ. ಓದಿ ತಿದ್ದಿ ಕಳಿಸಿ.

ವಸಂತಿ

*

ಕುಮಟಾ
೧೩ ಡಿಸೆಂಬರ್ ೧೯೬೪

ಚಿ. ವಸಂತಿಗೆ ಆಶೀರ್ವಾದ.

ಕರಪತ್ರ ಅಚ್ಚಾಗಿ ಬಂದದ್ದು ನೋಡಿದೆ. ನಾನು ತಿದ್ದಿದ ಮಾತುಗಳನ್ನು ಹಾಗೆಯೇ ಇಟ್ಟಿದ್ದೀಯೆ. ನೀನು "ಆಹಾರದ ಮೂಲಕ ಪ್ರಸರಣವಾಗುವುದಿಲ್ಲ" ಎಂದು ಬರೆದಿದ್ದೆ, ನಾನು "ಇವರ ಕೈಯ ಊಟ ಉಂಡರೆ ಬರುವುದಿಲ್ಲ" ಎಂದು ಮಾಡಿದೆ. ಅಚ್ಚಿನಲ್ಲಿ ನನ್ನ ಮಾತು ನೋಡಿದ್ದು ಇದೇ ಮೊದಲು. ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೇನೆ. ಈ ತುಂಡನ್ನು ಮಾತ್ರ ಒಲೆಗೆ ಹಾಕುವುದಿಲ್ಲ.

ಇನ್ನೊಂದು ವಿಷಯ. ಬರೆಯಬಾರದೆಂದುಕೊಂಡಿದ್ದೆ. ಮೊನ್ನೆ ಗಣಪ ಪೇಟೆಯಿಂದ ಬಂದವನು, "ವಸಂತಕ್ಕ ಮೋಟಾರ್ ಸ್ಟ್ಯಾಂಡಲ್ಲಿ ಇತ್ತು. ಮಾತಾಡ್ಸಿದಿ. ನೆಗೆ ಮಾಡ್ತು, ಬಸ್ಸು ಹತ್ತಿ ಹೋತು" ಎಂದ. ಕುಮಟೆಯವರೆಗೂ ಬಂದು ನೀನು ಮನೆಗೆ ಬರಲಿಲ್ಲ. ಪಕ್ಕದ ಬಾಡ ಊರಿಗೂ ಕೆಲಸದ ಮೇಲೆ ಬಂದು ಹೋದೆಯಂತೆ, ಅಲ್ಲಿ ಮನೆ ಮನೆ ಹೊಕ್ಕು ನೀರು ಕುಡಿದೆಯಂತೆ. ನಮ್ಮ ಮನೆಯ ನೀರು ಎಂತ ಮಾಡಿತು?

ನಿನ್ನ ಅತ್ತೆಯ ಬಚ್ಚಲಿನ ಮಾತು ಮನಸ್ಸಿಗೆ ಹಚ್ಚಿಕೊಂಡೆಯಾ? ಅವಳ ಬಾಯಿ ಹಾಗೆ. ನೀನು ಬರುತ್ತೀ ಎಂದು ಪ್ರತಿ ಹಬ್ಬಕ್ಕೂ ಒಂದು ಎಲೆ ಹೆಚ್ಚಿಗೆ ಕೊಯ್ದು ತರುವವಳೂ ಅವಳೇ.

ಮಾವ,
ಮಾಬ್ಲೇಶ್ವರ

*

ಭಟ್ಕಳ
೨೧ ಡಿಸೆಂಬರ್ ೧೯೬೪

ತೀರ್ಥರೂಪ ಮಾವನಿಗೆ ನಮಸ್ಕಾರ.

ಅವತ್ತು ಕೆಲಸ ಬಹಳ ಇತ್ತು. ಅತ್ತೆಯ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಸುಬ್ಬಿಗೆ ರವಿಕೆಯ ಕಣ ಕಳಿಸಿದ್ದೇನೆ.

ವಸಂತಿ

*

ಕುಮಟಾ
೧೬ ಜನವರಿ ೧೯೬೬

ಚಿ. ವಸಂತಿಗೆ ಆಶೀರ್ವಾದ.

ಒಂದು ವರ್ಷದಿಂದ ನೀನು ಎರಡು ಸಾಲಿಗಿಂತ ಹೆಚ್ಚು ಬರೆದಿಲ್ಲ, ನಾನೂ ಬರೆದಿಲ್ಲ. ಈಗ ಬರೆಯಲೇಬೇಕಾದ ಸುದ್ದಿ ಬಂದಿದೆ.

ಸುಬ್ಬಿಗೆ ಮದುವೆ ಗೊತ್ತಾಯಿತು. ಹುಡುಗ ಬೇರೆ ಯಾರೂ ಅಲ್ಲ, ವೆಂಕಟ್ರಮಣ ಹೆಗಡೆಯವರ ಕಿರಿಯ ಮಗ ಕಮಲಾಕರ. ಹೊನ್ನಾವರದಲ್ಲಿ ಮಾಸ್ತರು. ತಾವಾಗಿಯೇ ಕೇಳಿ ಬಂದರು. "ನಿನ್ನ ಕೈ ಊಟ ಉಂಡು ಉಂಡು ಋಣ ಜಾಸ್ತಿ ಆಜು ಮಾಬ್ಲಣ್ಣ, ಕೂಸನ್ನೂ ಕೊಟ್ಬಿಡು" ಎಂದರು. ಸುಬ್ಬಿ ಒಳಗಿನ ಕೋಣೆಯಿಂದ ಹೊರಗೇ ಬರಲಿಲ್ಲ, ಆದರೆ ಅವಳ ಹಾಡು ಮಾತ್ರ ಇಡೀ ದಿನ ಕೇಳುತ್ತಿತ್ತು. ಏಪ್ರಿಲ್‌ನಲ್ಲಿ ಲಗ್ನ. ಅಡಿಗೆ ಬೇರೆ ಯಾರಿಗೂ ಬಿಡುವುದಿಲ್ಲ. ಮಗಳ ಮದುವೆಯ ತೊಡದೇವು ನಾನೇ ತೆಗೆಯುತ್ತೇನೆ.

ಈ ಸಲ ನೆಪ ಹೇಳಬೇಡ. ಧಾರೆಯ ಹೊತ್ತಿಗೆ ಅಕ್ಕನಾಗಿ ನೀನು ಅವಳ ಬೆನ್ನ ಹಿಂದೆ ನಿಲ್ಲಬೇಕು.

ಅಕ್ಷರ ಕೆಟ್ಟದ್ದಕ್ಕೆ ಬೈಯಬೇಡ. ಬಲಗೈಯ ಕಿರುಬೆರಳೂ ಅದರ ಪಕ್ಕದ್ದೂ ಮುನಿಸಿಕೊಂಡವರಂತೆ ಒಳಗೆ ಮಡಚಿ ಕೂತಿವೆ, ಎಳೆದರೂ ನೇರವಾಗುವುದಿಲ್ಲ. ಪೆನ್ನು ಜಾರುತ್ತದೆ. ಕಳೆದ ವಾರ ಕೊಪ್ಪರಿಗೆ ಇಳಿಸಿ ಬಂದು ಕೂತಿದ್ದೆ, ನಿನ್ನ ಅತ್ತೆ "ಎಂತದೋ ಸುಟ್ಟ ವಾಸನೆ" ಎಂದು ಹುಡುಕಿದಳು. ನೋಡಿದರೆ ನನ್ನ ಅಂಗೈ! ಬೊಬ್ಬೆ ಎದ್ದು ಒಡೆದಿತ್ತು, ನನಗೆ ಸುದ್ದಿಯೇ ಇಲ್ಲ. ಬೆಂಕಿಯ ಮುಂದೆ ಬದುಕಿದವನಿಗೆ ಇದೆಲ್ಲ ಇದ್ದದ್ದೇ. ಮದುವೆ ಮುಗಿದ ಮೇಲೆ ಎಣ್ಣೆ ತಿಕ್ಕಿಸಿಕೊಂಡರಾಯಿತು.

ಮಾವ,
ಮಾಬ್ಲೇಶ್ವರ

*

ಭಟ್ಕಳ
೨೦ ಜನವರಿ ೧೯೬೬

ಮಾವ,

ಈ ಕಾಗದವನ್ನು ಒಬ್ಬರೇ ಓದಿ.

ನಿಮ್ಮ ಕಾಗದ ಕೈಗೆ ಬಂದಾಗಿನಿಂದ ಕೂರಲಾಗುತ್ತಿಲ್ಲ. ಮೊಣಕೈಯ ಒಳಬದಿ, ಮೂಳೆಯ ಪಕ್ಕದಲ್ಲಿ ಹಗ್ಗದಂತೆ ದಪ್ಪಗೆ ಏನಾದರೂ ಸಿಗುತ್ತದೆಯೇ ಮುಟ್ಟಿ ನೋಡಿ. ಕೈಮೇಲೆ ಎಲ್ಲಾದರೂ ಮಾಸಲು ಚುಕ್ಕೆ ಇದೆಯೇ ಬಿಸಿಲಲ್ಲಿ ನೋಡಿ. ಕಣ್ಣು ಮುಚ್ಚಿಕೊಂಡು ಅದರ ಮೇಲೆ ನೂಲಿನ ಎಳೆ ಆಡಿಸಿ. ನಾನು ಯಾಕೆ ಹೇಳುತ್ತಿದ್ದೇನೆಂದು ನಿಮಗೆ ತಿಳಿಯುತ್ತದೆ. ಆ ಕರಪತ್ರ ತಿದ್ದಿದವರು ನೀವು.

ಎರಡು ವರ್ಷದ ಹಿಂದೆ "ಬೆಂಕಿ ಗೆಳೆಯನಾಗಿದೆ" ಎಂದು ಬರೆದಿರಿ. ನಾನು ಓದಿ ನಕ್ಕು ಮಡಚಿಟ್ಟೆ. ಬೇರೆ ಯಾರ ಬಾಯಿಂದ ಆ ಮಾತು ಬಂದಿದ್ದರೂ ಅಂದೇ ಬಸ್ಸು ಹತ್ತುತ್ತಿದ್ದೆ.

ನಾನು ಮನೆಗೆ ಬರದೇ ಇದ್ದದ್ದು ಯಾಕೆಂದು ಈಗ ಹೇಳುತ್ತೇನೆ. ನನ್ನ ಕೊಡೆ ಒರಗಿದ ಮನೆ ಏನಾಗುತ್ತದೆಂದು ಲಕ್ಕಿಯದ್ದನ್ನು ಕಂಡಿದ್ದೆ. ಊಟ ಮಾಡಿಸಿ ಬದುಕುವ ಮನೆ ನಮ್ಮದು, ಅಲ್ಲಿ ಮದುವೆಗೆ ಬೆಳೆಯುವ ಹುಡುಗಿ. ಬಾಡದಲ್ಲಿ ಎಲ್ಲ ಮನೆಗೂ ಹೋದ ಹಾಗೆ ನಮ್ಮ ಕೇರಿಯಲ್ಲೂ ಎಲ್ಲ ಮನೆಗೂ ಹೋಗಬಹುದಿತ್ತು. ಆದರೆ ನಮ್ಮ ಜಗಲಿಯಲ್ಲಿ ನಾನು ಅಷ್ಟೇ ಹೊತ್ತು ಕೂತು ಏಳಲಾರೆ ಎಂದು ನನಗೆ ಗೊತ್ತಿತ್ತು. ಅದಕ್ಕಾಗಿ ಒಂದು ಮನೆಯನ್ನು ಬಿಟ್ಟುಬಿಟ್ಟೆ. ಮೂರು ತಾಲೂಕಿನಲ್ಲಿ ನಾನು ನೋಡದೆ ಬಿಟ್ಟದ್ದು ಅದೊಂದನ್ನೇ.

ಹುಬ್ಬಳ್ಳಿಯಲ್ಲಿ ನನಗೆ ಗೊತ್ತಿರುವ ಡಾಕ್ಟರರಿದ್ದಾರೆ. ಪಾತ್ರೆ ಕೊಳ್ಳಲು ಹೋಗುತ್ತೇನೆಂದು ಹೇಳಿ ಹೊರಡಿ. ಗುಳಿಗೆ ಇಂದೇ ಸುರುವಾದರೆ ರೋಗ ನಿಲ್ಲುತ್ತದೆ. ಅಡಿಗೆಯಿಂದ ಅದು ಯಾರಿಗೂ ಹೋಗಿಲ್ಲ, ಇದನ್ನು ನಿಮ್ಮ ಸಮಾಧಾನಕ್ಕೆಂದು ಹೇಳುತ್ತಿಲ್ಲ. ಅತ್ತೆಯನ್ನೂ ಸುಬ್ಬಿಯನ್ನೂ ನಾನು ಆಮೇಲೆ ನೋಡುತ್ತೇನೆ.

ಮದುವೆ ಮುಗಿಯುವವರೆಗೆ ಯಾರಿಗೂ ಹೇಳಬೇಡಿ. ಅತ್ತೆಗೂ. ಕೈಮುಗಿದು ಕೇಳುತ್ತೇನೆ. ನಾನು ಮದುವೆಗೆ ಬರುವುದಿಲ್ಲ.

ವಸಂತಿ

*

ಕುಮಟಾ
೧೧ ಫೆಬ್ರುವರಿ ೧೯೬೬

ಚಿ. ವಸಂತಿಗೆ ಆಶೀರ್ವಾದ.

ನೂಲು ಆಡಿಸಿದೆ. ಏನೂ ತಿಳಿಯಲಿಲ್ಲ. ಕಣ್ಣು ತೆರೆದರೆ ನೂಲು ಕೈಮೇಲೇ ಇತ್ತು.

ಹುಬ್ಬಳ್ಳಿಗೆ ಹೋಗಿ ಬಂದೆ. ಡಾಕ್ಟರು ನೀನು ಹೇಳಿದ್ದನ್ನೇ ಹೇಳಿದರು. ಹರಡುವ ಜಾತಿಯದಲ್ಲವಂತೆ, ಹಾಗೆಂದು ಚೀಟಿಯನ್ನೂ ಬರೆದುಕೊಟ್ಟರು. ಗುಳಿಗೆ ತಿನ್ನುತ್ತಿದ್ದೇನೆ. ಬೆರಳು ಮೊದಲಿನ ಹಾಗೆ ಆಗುವುದು ಕಷ್ಟವಂತೆ. ಕೈಯಲ್ಲಿ ದೇವರಿದ್ದಾನೆ ಎನ್ನುತ್ತಿದ್ದರಲ್ಲ, ಯಾರು ಇದ್ದದ್ದೆಂದು ಈಗ ಗೊತ್ತಾಯಿತು.

ನೀನು ಬೇಡವೆಂದದ್ದನ್ನು ನಾನು ಮಾಡಿದೆ. ಹೊನ್ನಾವರಕ್ಕೆ ಹೋಗಿ ಹೆಗಡೆಯವರಿಗೆ ಹೇಳಿದೆ.

ಬೈಯಬೇಡ, ಪೂರ್ತಿ ಓದು. ಹೇಳದೆ ಮದುವೆ ಮಾಡಿದರೆ ನಾಳೆ ನೀನು ಸುಬ್ಬಿಯನ್ನು ನೋಡಲು ಅವರ ಮನೆಯ ಮೆಟ್ಟಿಲು ಹತ್ತಬೇಕಲ್ಲ, ಅಂದು ಅವಳ ಗತಿ ಏನು? ಅಪ್ಪ ಮುಚ್ಚಿಟ್ಟು ಕೊಟ್ಟ ಎಂಬ ಮಾತನ್ನು ಅವಳು ಹೊರಬೇಕು. ಮತ್ತೆ, ಹೆಗಡೆಯವರು ತಿಳಿದವರು. ಪೇಪರನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದುವವರು. ಚೀಟಿ ಇದೆ, ಕರಪತ್ರ ಇದೆ. "ಇವರ ಕೈಯ ಊಟ ಉಂಡರೆ ಬರುವುದಿಲ್ಲ" ಎಂದು ಊರಿಗೆಲ್ಲ ಹೇಳಲು ಬರೆದವನು ನಾನು. ನನ್ನ ಪಾಲಿಗೆ ಬಂದಾಗ ಬಚ್ಚಿಟ್ಟುಕೊಂಡರೆ ಆ ಮಾತೇ ಸುಳ್ಳಾಗುತ್ತದೆ ಎನ್ನಿಸಿತು.

ಜಗಲಿಯಲ್ಲಿ ಬೆಲ್ಲ ನೀರು ಕೊಟ್ಟರು. ಎಲೆ ಅಡಿಕೆ ಇಟ್ಟ ಕವಳದ ಹರಿವಾಣ ಇಬ್ಬರ ನಡುವೆ ಇತ್ತು. ನಾನು ಒಂದು ಎಲೆ ಹಾಕಿಕೊಂಡು ಮಾತು ತೆಗೆದೆ. ಹೇಳಿ ಮುಗಿಸುವವರೆಗೂ ಅವರು ಅಡ್ಡಿ ಮಾಡಲಿಲ್ಲ.

"ಇದ್ನ ನಿಂಗೆ ಮೊದ್ಲು ಹೇಳಿದ್ದು ಯಾರು?"

"ವಸಂತಿ."

"ಅದು ಓದಿದ್ದು ಸಮಾಜಶಾಸ್ತ್ರ ಅಲ್ದಾ?"

"ಹೌದು. ಹುಬ್ಬಳ್ಳಿ ಡಾಕ್ಟ್ರೂ ಅದ್ನೇ ಹೇಳ್ದ. ಚೀಟಿ ಇದ್ದು, ನೋಡಿ" ಎಂದು ಚಾಚಿದೆ.

ಅವರು ಕೈ ಚಾಚಲಿಲ್ಲ. "ಅಲ್ಲೇ ಇಡು" ಎಂದರು. ಕವಳದ ಹರಿವಾಣವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ನಾನು ಹಾಕಿಕೊಂಡ ಎಲೆ ಬಾಯಲ್ಲೇ ಇತ್ತು, ಅಗಿಯಲೋ ಉಗಿಯಲೋ ತಿಳಿಯಲಿಲ್ಲ.

ಆಮೇಲೆ ಹೇಳಿದರು: "ಆನು ನಂಬ್ತಿ ಮಾಬ್ಲಣ್ಣ. ಚೀಟಿ ಬೇಡ. ಆದ್ರೆ ನೀ ಹೇಳದ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಿಲ್ಲೆ. ಈಗ ಗೊತ್ತಾತು. ಇನ್ನು ಆನು ಎಂತ ಮಾಡವು?"

ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಬಾರದು. ನಾನು ಅಂಗಳ ಇಳಿದು ಹಿಂತಿರುಗಿ ನೋಡಿದಾಗ ಬೆಲ್ಲ ನೀರಿನ ತಂಬಿಗೆಯನ್ನು ಕೋಲಿನಿಂದ ಜಗಲಿಯ ಅಂಚಿಗೆ ತಳ್ಳುತ್ತಿದ್ದರು.

ಅವರಿಂದ ಮಾತು ಇನ್ನೂ ಬಂದಿಲ್ಲ. ಮನೆಯಲ್ಲಿ ಹೇಳಿಲ್ಲ. ಸುಬ್ಬಿ ಹಾಡುತ್ತಿದ್ದಾಳೆ.

ಮಾವ,
ಮಾಬ್ಲೇಶ್ವರ

*

ಭಟ್ಕಳ
೧೫ ಫೆಬ್ರುವರಿ ೧೯೬೬

ಮಾವ,

ಯಾಕೆ ಹೇಳಿದಿರಿ? ಅವರು ನಂಬುತ್ತಾರೆ ಎಂಬುದು ನನಗೆ ಗೊತ್ತಿತ್ತು. ಮಾಸ್ತಿಯೂ ನಂಬಿದ್ದ.

ಕರಪತ್ರ ಬರೆದವಳು ನಾನು. ರಾಜೀನಾಮೆ ಕೊಟ್ಟು ಮನೆಗೆ ಬಂದುಬಿಡುತ್ತೇನೆ. ಬೇಡವೆಂದರೆ ಬೇಡವೆಂದು ಬರೆಯಿರಿ.

ವಸಂತಿ

*

ಕುಮಟಾ
೪ ನವೆಂಬರ್ ೧೯೬೬

ಚಿ. ವಸಂತಿಗೆ ಆಶೀರ್ವಾದ.

ನಿನ್ನ ಕಾಗದಗಳೆಲ್ಲ ಬಂದಿವೆ. ಉತ್ತರ ಬರೆಯಲು ಕೈಯೂ ಬರಲಿಲ್ಲ, ಮನಸ್ಸೂ ಬರಲಿಲ್ಲ. ಬಲಗೈಗೆ ಪಟ್ಟಿ ಕಟ್ಟಿದ್ದಾರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಮೊದಲ ಸಲ ಅಕ್ಷರ ಕಲಿತಾಗಲೂ ಹೀಗೇ ಸೊಟ್ಟ ಬರುತ್ತಿತ್ತು.

ಮೊದಲಿಗೆ, ಕೆಲಸ ಬಿಡಬೇಡ. ನೀನು ಬಿಟ್ಟರೆ ಲಕ್ಕಿಯ ಗುಡಿಸಲಿಗೆ ಹೋಗುವವರು ಯಾರು?

ಹೆಗಡೆಯವರು ಜಾತಕ ಕೂಡಲಿಲ್ಲವೆಂದು ಹೇಳಿಕಳಿಸಿದರು. ಮರ್ಯಾದೆಯಿಂದಲೇ ಬಿಡಿಸಿಕೊಂಡರು. ಆದರೆ ಗೊತ್ತಾಗಿದ್ದ ಮದುವೆ ಮುರಿದರೆ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಎಷ್ಟು ಜನರಿಗೆ ಎಷ್ಟು ದಿನ ಸುಳ್ಳು ಹೇಳುತ್ತಾರೆ ಅವರಾದರೂ? ವೈಶಾಖ ಮುಗಿಯುವ ಮೊದಲೇ ಮಿರ್ಜಾನದಿಂದ ಬಾಡದವರೆಗೆ ಎಲ್ಲರಿಗೂ ತಿಳಿಯಿತು. ನನ್ನ ಕೈ ಊಟ ಉಂಡವರೆಲ್ಲ ತಮ್ಮ ಮೈ ನೋಡಿಕೊಂಡರಂತೆ. ಒಬ್ಬರು ಹೊಟ್ಟೆ ತೊಳೆಸಿಕೊಳ್ಳಲು ಆಸ್ಪತ್ರೆಗೂ ಹೋದರಂತೆ, ಉಂಡು ವರ್ಷವಾದ ಮೇಲೆ! ನಗಬೇಕೆನ್ನಿಸಿತು, ಮನೆಯಲ್ಲಿ ಜೊತೆಗೆ ನಗುವವರು ಯಾರೂ ಇರಲಿಲ್ಲ.

ಅಡಿಗೆಗೆ ಈಗ ಗಣಪನನ್ನು ಕರೆಯುತ್ತಾರೆ. ಅವನು ಬೇಲಿಯಾಚೆ ನಿಂತು, "ಆನು ಎಂತ ಮಾಡ್ಲಿ ಮಾಬ್ಲಣ್ಣ, ಮನೇಲಿ ಮಕ್ಕ ಇದ್ದ" ಎಂದ. ಚೆನ್ನಾಗಿ ಮಾಡು, ಮಡಕೆ ಹೆಚ್ಚು ಕಾಯಿಸಬೇಡ ಎಂದೆ. ನನ್ನ ಕೊಪ್ಪರಿಗೆಗಳನ್ನು ಯಾರೂ ಒಯ್ಯುವುದಿಲ್ಲ, ಅಂಗಳದಲ್ಲಿ ಬೋರಲಾಗಿ ಬಿದ್ದಿವೆ. ಕ್ಷೌರದವನು ಬರುವುದಿಲ್ಲ. ಡಾಕ್ಟರರ ಚೀಟಿ ಜೇಬಿನಲ್ಲೇ ಇದೆ. ಓದಿ ಎಂದು ಕೊಡಬೇಕಾದರೆ ನನ್ನ ಕೈಯಿಂದಲೇ ಕೊಡಬೇಕಲ್ಲ, ಯಾರೂ ತೆಗೆದುಕೊಳ್ಳುವುದಿಲ್ಲ.

ಇದನ್ನೆಲ್ಲ ತಡೆದುಕೊಂಡೆ. ಸುಬ್ಬಿ ಹಾಡು ನಿಲ್ಲಿಸಿದ್ದನ್ನು ಮಾತ್ರ ತಡೆಯಲಾಗುವುದಿಲ್ಲ. ನನ್ನೊಡನೆ ಮಾತು ಬಿಟ್ಟಿದ್ದಾಳೆ. ಒಮ್ಮೆ ಮಾತ್ರ ಅಡಿಗೆಮನೆಯಿಂದಲೇ ಹೇಳಿದಳು: "ಅಪ್ಪಯ್ಯ ಸುಮ್ಮಂಗೆ ಇದ್ದಿದ್ರೆ ಆಗ್ತಿತ್ತು. ಅಕ್ಕಯ್ಯನೂ ಅದ್ನೇ ಬರೆದಿತ್ತು." ನಿನ್ನ ಕಾಗದ ಓದಿದ್ದಾಳೆ.

ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಕೂತಲ್ಲಿ ನಿಂತಲ್ಲಿ ಲೆಕ್ಕ ಹಾಕುತ್ತೇನೆ. ಒಂದು ದಿನ ಹೀಗೆ ಅನ್ನಿಸುತ್ತದೆ, ಒಂದು ದಿನ ಹಾಗೆ. ಅದನ್ನು ಓದಿದರೆ ಎಂತ ಆಗುತ್ತದೆ ಎಂದು ಅಂದು ಪಂಕ್ತಿಯಲ್ಲಿ ಕೂತು ಕೇಳಿದ್ದರಲ್ಲ ಹೆಗಡೆಯವರು, ಈಗ ಕೇಳಿದರೂ ಉತ್ತರ ಗೊತ್ತಿಲ್ಲ.

ಈ ಕಾಗದ ಬರೆದದ್ದು ಬೇರೆ ಕಾರಣಕ್ಕೆ. ಮುಂದಿನ ವಾರ ದೀಪಾವಳಿ. ನಿನ್ನ ಅತ್ತೆಯನ್ನೂ ಸುಬ್ಬಿಯನ್ನೂ ಇನ್ನೂ ಯಾರೂ ನೋಡಿಲ್ಲ. ಸುಬ್ಬಿ ಕೈತೋಳು ಮುಚ್ಚುವ ರವಿಕೆ ತೊಟ್ಟುಕೊಳ್ಳುತ್ತಾಳೆ, ಅದು ಸುಮ್ಮನೆ ಇರಬಹುದು, ಇರದೆಯೂ ಇರಬಹುದು. ಕೇಳಲು ನನಗೆ ಬಾಯಿಲ್ಲ. ನೀನು ಬಾ. ಕೊಡೆ, ಚೀಲ ಎಲ್ಲ ಹಿಡಿದುಕೊಂಡೇ ಬಾ. ಕೋಳಿಗರಿಯನ್ನೂ ತಾ, ಅತ್ತೆ ಈಗ ಏನೂ ಅನ್ನುವುದಿಲ್ಲ. ಹಗಲಿನಲ್ಲಿ ಬಾ, ಮೋಟಾರ್ ಸ್ಟ್ಯಾಂಡಿನಿಂದ ಪೇಟೆಯ ನಡುವೆಯೇ ನಡೆದು ಬಾ. ಕೊಡೆಯನ್ನು ಜಗಲಿಗೆ ಒರಗಿಸು. ನೀನು ಹೆದರಿದ್ದೆಲ್ಲ ಆಗಿಹೋಯಿತು. ನಮ್ಮ ಮನೆಗೆ ಬರಲು ನಿನಗೆ ಈಗ ಯಾವ ಅಡ್ಡಿಯೂ ಇಲ್ಲ. ಬೇರೆ ಯಾರೂ ಬರುವುದಿಲ್ಲ.

ನೀನು ಬರುತ್ತೀ ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದೆ. ಸುಬ್ಬಿ "ಬಂದ್ರೆ ಒಂದು ಮಾತು ಕೇಳವು" ಎಂದಳು. ಎಂತ ಮಾತು ಎಂದು ಹೇಳಲಿಲ್ಲ. ಬೈದರೂ ಬೈಸಿಕೋ. ಆದರೆ ಅವಳೇ ಹೋಗಿ ತೆಳ್ಳೇವು ದೋಸೆಯ ಅಕ್ಕಿ ಎಷ್ಟು ಉಳಿದಿದೆ ಎಂದು ಡಬ್ಬಿ ಅಲುಗಿಸಿ ನೋಡಿದ ಸದ್ದು ಕೇಳಿಸಿತು.

ಈಗ ಅಡಿಗೆ ಅವಳದೇ. ನಾನು ಒಲೆಯ ಹತ್ತಿರ ಹೋಗುವುದಿಲ್ಲ. ಹಾಗಾಗಿ ಈ ವಯಸ್ಸಿನಲ್ಲಿ ನನಗೂ ಎಲೆಯ ಮುಂದೆ ಕೂತು ಉಣ್ಣುವ ಯೋಗ ಬಂದಿದೆ. ನಮ್ಮ ಮನೆಯಲ್ಲಿ ಒಂದೇ ಪಂಕ್ತಿ, ಎಲ್ಲರಿಗೂ ಬಿಸಿ ಅನ್ನ. ನಿನ್ನ ಅತ್ತೆ ಈ ಸಲವೂ ಒಂದು ಎಲೆ ಹೆಚ್ಚಿಗೆ ಕೊಯ್ದು ತಂದಿದ್ದಾಳೆ.

ನಿನ್ನ ಮಾವ,
ಮಾಬ್ಲೇಶ್ವರ